ಪಿಎಚ್‌ಪಿ 4ಕ್ಕೆ ಗಡುವು ಕೊಟ್ಟವರು: 2007–08ರ ಒಂದು ಪ್ರಕರಣ ಅಧ್ಯಯನ

ಪಿಎಚ್‌ಪಿ ಅಂದರೆ ವೆಬ್‌ಸೈಟ್ ಕಟ್ಟಲು ಬಳಸುವ ಪ್ರೋಗ್ರಾಮಿಂಗ್ ಭಾಷೆ. ಅದರ 5.0 ಆವೃತ್ತಿ ಬಿಡುಗಡೆಯಾದದ್ದು 2004ರ ಜುಲೈ 13ರಂದು. ಅದಾಗಿ ಮೂರು ವರ್ಷವಾದರೂ, ಕಡಿಮೆ ದುಡ್ಡಿಗೆ ಸಿಗುವ, ಹಲವು ಸೈಟುಗಳು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಸರ್ವರ್‌ಗಳಲ್ಲಿ ಹೆಚ್ಚಾಗಿ ಓಡುತ್ತಿದ್ದದ್ದು ಪಿಎಚ್‌ಪಿ 4. ಅದು 2000ದ ಮೇ ತಿಂಗಳಲ್ಲಿ ಬಂದ ಆವೃತ್ತಿ. ಹೊಸದರಲ್ಲಿ ಕೊರತೆಯೇನೂ ಇರಲಿಲ್ಲ. ತಪ್ಪಾದಾಗ ಅದನ್ನು ಹಿಡಿದು ನಿಭಾಯಿಸುವ ಎಕ್ಸೆಪ್ಷನ್‌ಗಳು ಬಂದಿದ್ದವು. ಕ್ಲಾಸ್‌ಗಳಿಗೆ ಪ್ರೈವೇಟ್, ಪಬ್ಲಿಕ್ ಅನ್ನುವ ಕಟ್ಟುಪಾಡು ಬಂದಿತ್ತು. 2005ರ 5.1ರಲ್ಲಿ ಡೇಟಾಬೇಸ್ ಕೆಲಸಕ್ಕೆ ಪಿಡಿಒ ಬಂತು. 2006ರ ನವೆಂಬರ್‌ನ 5.2ರಲ್ಲಿ ಜೇಸನ್ ಮತ್ತು ಫಿಲ್ಟರ್ ಎಕ್ಸ್‌ಟೆನ್ಷನ್‌ಗಳು (ಭಾಷೆಗೆ ಜೋಡಿಸುವ ಹೆಚ್ಚುವರಿ ಭಾಗಗಳು) ಜೊತೆಯಲ್ಲೇ ಬಂದವು. ಇಷ್ಟಿದ್ದರೂ ಯಾರೂ ಜಾಗ ಬಿಟ್ಟು ಕದಲಲಿಲ್ಲ.

ಕೊನೆಗೆ ಕದಲಿದ್ದು ಹೇಗೆ ಅನ್ನುವುದೇ ಈ ಪ್ರಕರಣ. ವೆಬ್‌ಸೈಟ್ ಕಟ್ಟುವವರು, ಸರ್ವರ್ ನೋಡಿಕೊಳ್ಳುವವರು ಇದನ್ನು ಒಮ್ಮೆ ಪೂರ್ತಿ ತಿಳಿದುಕೊಳ್ಳಲೇಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಇದೇ ಕಥೆ ಆಮೇಲೆ 5.6 ಬಿಟ್ಟು ಮುಂದೆ ಹೋಗುವಾಗಲೂ ನಡೆಯಿತು, 7 ಬಿಟ್ಟು ಹೋಗುವಾಗಲೂ ನಡೆಯಿತು.

ಯಾರೂ ಮುಂದಾಗದ ಮೂರು ವರ್ಷ

ಜನ ಬರುವುದಿಲ್ಲ ಅಂತ ಬಸ್ಸು ಬಿಡುವುದಿಲ್ಲ, ಬಸ್ಸಿಲ್ಲ ಅಂತ ಜನ ಬರುವುದಿಲ್ಲ. ಹೋಸ್ಟಿಂಗ್ ಕಂಪನಿಗಳದ್ದೂ ಡೆವಲಪರ್‌ಗಳದ್ದೂ ಇದೇ ಕಥೆ. "ಗ್ರಾಹಕರು ಪಿಎಚ್‌ಪಿ 5 ಕೇಳುತ್ತಿಲ್ಲ, ಅವರು ಬಳಸುವ ಸಾಫ್ಟ್‌ವೇರ್‌ಗಳೆಲ್ಲ 4ರಲ್ಲೇ ಓಡುತ್ತವೆ, ಮತ್ತೆ ಯಾಕೆ ಕೈ ಹಾಕಬೇಕು?" ಇದು ಕಂಪನಿಯವರ ವಾದ. "ಹೋಸ್ಟಿಂಗ್‌ನಲ್ಲಿ 5 ಇಲ್ಲ. 5 ಬೇಕೇ ಬೇಕು ಅಂದರೆ ನಮ್ಮ ಬಳಕೆದಾರರು ಪಕ್ಕದ ಸಾಫ್ಟ್‌ವೇರ್‌ಗೆ ಹೋಗುತ್ತಾರೆ." ಇದು ಡೆವಲಪರ್‌ಗಳ ವಾದ. ಎರಡೂ ಸುಳ್ಳಲ್ಲ. ಒಬ್ಬೊಬ್ಬರೇ ನಿಂತು ನೋಡಿದರೆ ಇಬ್ಬರ ಲೆಕ್ಕವೂ ಸರಿಯೇ.

ಒಬ್ಬರು ಮಾತ್ರ ಈ ಬಿಕ್ಕಟ್ಟಿನಿಂದ ಬೇಗ ಹೊರಬಂದಿದ್ದರು. ವಿಕಿಪೀಡಿಯ ಓಡುವುದು ಮೀಡಿಯಾವಿಕಿ ಸಾಫ್ಟ್‌ವೇರ್ ಮೇಲೆ. ಕನ್ನಡ ವಿಕಿಪೀಡಿಯವೂ ಅದರ ಮೇಲೇ. 2006ರ ಜುಲೈನಲ್ಲಿ ಬಂದ ಮೀಡಿಯಾವಿಕಿ 1.7ಕ್ಕೆ ಪಿಎಚ್‌ಪಿ 5 ಕಡ್ಡಾಯ ಮಾಡಿದರು. ಅವರಿಗೆ ಅದು ಸಾಧ್ಯವಾದದ್ದಕ್ಕೆ ಕಾರಣ ಸರಳ. ಅವರ ಅತಿ ದೊಡ್ಡ ಬಳಕೆದಾರರು ವಿಕಿಪೀಡಿಯ ನಡೆಸುವ ವಿಕಿಮೀಡಿಯದವರೇ, ಸರ್ವರ್‌ಗಳೂ ಅವರವೇ. ಡ್ರುಪಲ್, ಜೂಮ್ಲಾ, ವರ್ಡ್‌ಪ್ರೆಸ್‌ನಂಥ ಸೈಟು ಕಟ್ಟುವ ಸಾಫ್ಟ್‌ವೇರ್‌ಗಳು ಹಾಗಲ್ಲ. ಅವು ಓಡುವುದು ಯಾರ್ಯಾರದೋ ಸರ್ವರ್‌ನಲ್ಲಿ, ಬಾಡಿಗೆ ಜಾಗದಲ್ಲಿ.

ಕೋಡ್ ಬರೆಯುವವರ ಪಾಡು

ಹೊಸ ಆವೃತ್ತಿ ಸಿಗದೇ ಇರುವುದಷ್ಟೇ ಕಷ್ಟವಾಗಿರಲಿಲ್ಲ. ಒಂದೇ ಕೋಡ್ 4ರಲ್ಲೂ ಓಡಬೇಕು, 5ರಲ್ಲೂ ಓಡಬೇಕು. ಇದರ ಕಷ್ಟ ಎಂಥದ್ದು ಅಂತ ಹತ್ತಿರದಿಂದ ನೋಡೋಣ.

ಪಿಎಚ್‌ಪಿ 4ರಲ್ಲಿ ಒಂದು ಆಬ್ಜೆಕ್ಟನ್ನು (ಮಾಹಿತಿಯ ಒಂದು ಕಟ್ಟನ್ನು) ಬೇರೆ ವೇರಿಯಬಲ್‌ಗೆ, ಅಂದರೆ ಬೇರೆ ಹೆಸರಿಗೆ ಕೊಟ್ಟರೆ ಅದರ ನಕಲು ಹೋಗುತ್ತಿತ್ತು. 5ರಲ್ಲಿ ನಕಲು ಹೋಗುವುದಿಲ್ಲ, ಎರಡೂ ಹೆಸರು ಒಂದೇ ಆಬ್ಜೆಕ್ಟನ್ನು ತೋರಿಸುತ್ತವೆ. ಈಗ ಒಂದು ಆರ್ಡರ್ ಫಾರಂ ಇದೆ ಅಂದುಕೊಳ್ಳಿ. ಹಳೇ ಕೋಡ್ ಮೊದಲು ಆರ್ಡರ್ ಆಬ್ಜೆಕ್ಟನ್ನು ಇನ್ನೊಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಗ್ರಾಹಕರು ಮಾಡಿದ ಬದಲಾವಣೆ ಸೇರಿಸುತ್ತದೆ. ಕೊನೆಗೆ ಎರಡನ್ನೂ ಹೋಲಿಸಿ, ವ್ಯತ್ಯಾಸವಿದ್ದರೆ ಮಾತ್ರ ಡೇಟಾಬೇಸ್‌ಗೆ ಬರೆಯುತ್ತದೆ. 4ರಲ್ಲಿ ಇದು ಸರಿಯಾಗಿ ನಡೆಯುತ್ತದೆ. 5ರಲ್ಲಿ ಎರಡೂ ಒಂದೇ ಆದ್ದರಿಂದ ವ್ಯತ್ಯಾಸ ಯಾವತ್ತೂ ಕಾಣುವುದಿಲ್ಲ. ಗ್ರಾಹಕರು ಸೇವ್ ಒತ್ತುತ್ತಾರೆ, ಏನೂ ಸೇವ್ ಆಗುವುದಿಲ್ಲ. ಎರರ್ ಬರುವುದಿಲ್ಲ, ಲಾಗ್‌ನಲ್ಲೂ ಏನೂ ಇರುವುದಿಲ್ಲ. ಇಂಥ ತಪ್ಪನ್ನು ಹುಡುಕುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು.

ಇದಕ್ಕೆ ಪಿಎಚ್‌ಪಿ 5 ನಕಲು ಮಾಡಲೆಂದೇ ಕ್ಲೋನ್ ಅನ್ನುವ ಹೊಸ ಕೀವರ್ಡ್ ಕೊಟ್ಟಿತು. ಆದರೆ 4ಕ್ಕೆ ಆ ಕೀವರ್ಡ್ ಗೊತ್ತಿಲ್ಲ. ಎರಡರಲ್ಲೂ ಓಡುವಂತೆ ಬರೆಯುವುದು ಹೇಗೆ? ಡ್ರುಪಲ್‌ನವರು ಡ್ರುಪಲ್‌_ಕ್ಲೋನ್ ಅಂತ ಒಂದು ಪುಟ್ಟ ಫಂಕ್ಷನ್ ಇಟ್ಟುಕೊಂಡಿದ್ದರು. ಅದು ಮೊದಲು ಪಿಎಚ್‌ಪಿ ಆವೃತ್ತಿ ಯಾವುದು ಅಂತ ನೋಡುತ್ತದೆ. 5ಕ್ಕಿಂತ ಕಡಿಮೆ ಇದ್ದರೆ ಆಬ್ಜೆಕ್ಟನ್ನು ಹಾಗೇ ಕೊಡುತ್ತದೆ, ಇಲ್ಲದಿದ್ದರೆ ಕ್ಲೋನ್ ಮಾಡಿ ಕೊಡುತ್ತದೆ. ಒಂದು ಜಾಣತನ ಏನೆಂದರೆ, ಕ್ಲೋನ್ ಮುಂದಿನ ಹೆಸರನ್ನು ಕಂಸದೊಳಗೆ ಬರೆದಿದ್ದರು. ಹಾಗಾಗಿ ಪಿಎಚ್‌ಪಿ 4 ಅದನ್ನು ಯಾವುದೋ ಫಂಕ್ಷನ್ ಕರೆ ಅಂತ ಓದಿಕೊಂಡು ಸುಮ್ನಿರುತ್ತಿತ್ತು. ಆ ಸಾಲು 4ರಲ್ಲಿ ಓಡುತ್ತಲೇ ಇರಲಿಲ್ಲವಾದ್ದರಿಂದ ಅಂಥ ಫಂಕ್ಷನ್ ಇಲ್ಲ ಅಂತ ಗೊತ್ತಾಗುವ ಪ್ರಸಂಗವೇ ಬರುತ್ತಿರಲಿಲ್ಲ. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಒಳ್ಳೆಯ ಪ್ರೋಗ್ರಾಮರ್‌ಗಳ ಬುದ್ಧಿಯೆಲ್ಲ ಇಂಥದ್ದಕ್ಕೆ ಖರ್ಚಾಗುತ್ತಿತ್ತು. ಬಳಕೆದಾರರಿಗೆ ಇದರಿಂದ ಒಂದು ಹೊಸ ಸೌಲಭ್ಯವೂ ಸಿಗಲಿಲ್ಲ.

ಇನ್ನೂ ಇದ್ದವು. ಅರೇಗಳನ್ನು, ಅಂದರೆ ಪಟ್ಟಿಗಳನ್ನು ಸೇರಿಸುವ ಅರೇ_ಮರ್ಜ್ ಫಂಕ್ಷನ್ 4ರಲ್ಲಿ ಏನು ಕೊಟ್ಟರೂ ನುಂಗಿಕೊಳ್ಳುತ್ತಿತ್ತು. 5ರಲ್ಲಿ ಅರೇ ಅಲ್ಲದ್ದನ್ನು ಕೊಟ್ಟರೆ ಎಚ್ಚರಿಕೆ ಕೊಟ್ಟು, ಖಾಲಿ ಕೈಯಲ್ಲಿ ವಾಪಸ್ ಬರುತ್ತಿತ್ತು. ಇಡೀ ಪಟ್ಟಿಯೇ ಪುಟದಿಂದ ಮಾಯ. ಕ್ಲಾಸ್‌ನ ಹೆಸರು ಕೇಳಿದರೆ 4 ಸಣ್ಣಕ್ಷರದಲ್ಲಿ ಹೇಳುತ್ತಿತ್ತು, 5 ಬರೆದಂತೆಯೇ ಹೇಳುತ್ತಿತ್ತು. ಎಕ್ಸ್‌ಎಂಎಲ್ ಓದುವ ಎಕ್ಸ್‌ಟೆನ್ಷನ್ ಪೂರ್ತಿ ಬದಲಾಗಿತ್ತು.

ಹೋಸ್ಟಿಂಗ್‌ನವರ ಕಡೆಯ ಮಾತು

ಹೋಸ್ಟಿಂಗ್ ಕಂಪನಿಗಳು ಸೋಮಾರಿಗಳು ಅಂತ ಡೆವಲಪರ್‌ಗಳು ಬೈಯುವುದು ವಾಡಿಕೆ. ನಾನು ಅದನ್ನು ಒಪ್ಪುವುದಿಲ್ಲ. ಒಂದು ಶೇರ್ಡ್ ಸರ್ವರ್‌ನಲ್ಲಿ ನೂರಾರು ಸೈಟುಗಳು ಇರುತ್ತವೆ. ಒಂದು ರಾತ್ರಿ ಆವೃತ್ತಿ ಬದಲಾಯಿಸಿ, ಅದರಲ್ಲಿ ಹತ್ತು ಸೈಟು ಕೆಟ್ಟರೂ ಬೆಳಿಗ್ಗೆ ಫೋನ್ ಎತ್ತಬೇಕಾದವರು ಸಪೋರ್ಟ್ ಹುಡುಗರು. ಕೋಡ್ ಬರೆದವರು ಆ ಹೊತ್ತಿಗೆ ಎಲ್ಲಿರುತ್ತಾರೋ ಗೊತ್ತಿರುವುದಿಲ್ಲ.

ತಾಂತ್ರಿಕ ತೊಡಕೂ ದೊಡ್ಡದೇ. ಆಗ ಪಿಎಚ್‌ಪಿಯನ್ನು ಅಪಾಚೆ ವೆಬ್ ಸರ್ವರ್‌ನ ಒಳಗೇ ಮಾಡ್ಯೂಲ್ ಆಗಿ ಓಡಿಸುವುದು ರೂಢಿ. ಒಂದೇ ಅಪಾಚೆಯೊಳಗೆ 4 ಮತ್ತು 5 ಎರಡೂ ಮಾಡ್ಯೂಲ್ ಒಟ್ಟಿಗೆ ಇರಲಾರವು. ಎರಡೂ ಬೇಕು ಅಂದರೆ ಒಂದನ್ನು ಮಾಡ್ಯೂಲ್ ಆಗಿ, ಇನ್ನೊಂದನ್ನು ಸಿಜಿಐ ಆಗಿ, ಅಂದರೆ ಅಪಾಚೆಯ ಹೊರಗೆ ಬೇರೆ ಪ್ರೋಗ್ರಾಂ ಆಗಿ ಓಡಿಸಬೇಕು. ಗ್ರಾಹಕರು ತಮ್ಮ ಫೈಲ್‌ಗಳ ಹೆಸರಿನ ಕೊನೆಯಲ್ಲಿ ಪಿಎಚ್‌ಪಿ5 ಅಂತ ಬರೆಯಬೇಕು, ಇಲ್ಲವೇ ಅಪಾಚೆಯ ಸೆಟ್ಟಿಂಗ್ ಬರೆಯುವ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಬೇಕು. ಸಿಜಿಐ ನಿಧಾನ, ಮೆಮೊರಿಯೂ ಜಾಸ್ತಿ ಬೇಡುತ್ತದೆ. ಸೆಟ್ಟಿಂಗ್ ಬರೆಯುವ ರೀತಿಯೂ ಬೇರೆ. ಮಾಡ್ಯೂಲ್‌ಗಾಗಿ ಎಚ್‌ಟಿಆಕ್ಸೆಸ್‌ನಲ್ಲಿ ಬರೆದಿದ್ದ ಸೆಟ್ಟಿಂಗ್ ಸಾಲುಗಳು ಸಿಜಿಐನಲ್ಲಿ ಪುಟವೇ ತೆರೆಯದ 500 ಎರರ್ ತರುತ್ತಿದ್ದವು.

ಇದರ ಜೊತೆಗೆ, ಸರ್ವರ್‌ಗಳಿಗೆ ಆಪರೇಟಿಂಗ್ ಸಿಸ್ಟಂ ಕಟ್ಟಿಕೊಡುವ ಲಿನಕ್ಸ್ ವಿತರಣೆಗಳ ಲೆಕ್ಕ. 2005ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 4ರಲ್ಲಿ ಇದ್ದದ್ದು ಪಿಎಚ್‌ಪಿ 4.3.9. 2007ರ ಮಾರ್ಚ್‌ನಲ್ಲಿ ಬಂದ ಅದರ 5ನೇ ಆವೃತ್ತಿಯಲ್ಲಿ ಇದ್ದದ್ದು 5.1.6. ಅಂದರೆ ಆಗಷ್ಟೇ ಹೊಸ ಸರ್ವರ್ ಹಾಕಿದವರಿಗೂ 5.2 ತಾನಾಗಿ ಸಿಗುತ್ತಿರಲಿಲ್ಲ. ಮೂಲ ಕೋಡ್‌ನಿಂದ ತಾವೇ ಕಂಪೈಲ್ ಮಾಡಿಕೊಳ್ಳಬೇಕು, ಆಮೇಲೆ ಪ್ರತಿ ಭದ್ರತಾ ತೇಪೆಯನ್ನೂ ತಾವೇ ಹಚ್ಚಬೇಕು. ವಿತರಣೆಯ ಜೊತೆ ಬಂದದ್ದನ್ನೇ ಇಟ್ಟುಕೊಂಡರೆ ರೆಡ್ ಹ್ಯಾಟ್‌ನವರೇ ಹಳೇ ಆವೃತ್ತಿಗೆ ತೇಪೆ ಹಚ್ಚಿ ಕೊಡುತ್ತಾರೆ. "ನಮ್ಮ ಪಿಎಚ್‌ಪಿ 4 ಹಳೆಯದಿರಬಹುದು, ಅಸುರಕ್ಷಿತ ಅಲ್ಲ" ಅಂತ ಒಬ್ಬ ಸರ್ವರ್ ಅಡ್ಮಿನ್ ಹೇಳಿದರೆ ಆ ಮಾತಿನಲ್ಲಿ ಹುರುಳಿತ್ತು.

ಆದರೂ ಭದ್ರತೆಯ ಪ್ರಶ್ನೆ ಬಿಗಿಯಾಗುತ್ತಾ ಬಂತು. 2007ರ ಮಾರ್ಚ್‌ನಲ್ಲಿ ಭದ್ರತಾ ತಜ್ಞ ಸ್ಟೆಫಾನ್ ಎಸ್ಸರ್ ಇಡೀ ತಿಂಗಳು ಪಿಎಚ್‌ಪಿಯ ದೋಷಗಳನ್ನು ಒಂದೊಂದಾಗಿ ಬಯಲಿಗೆ ತಂದರು. ಮೊದಲನೆಯದೇ ಪಿಎಚ್‌ಪಿ 4ರದು. ಒಂದು ಮೌಲ್ಯವನ್ನು ಎಷ್ಟು ಕಡೆ ಬಳಸುತ್ತಿದ್ದೇವೆ ಅಂತ ಎಣಿಸುವ ಕೌಂಟರ್ 4ರಲ್ಲಿ 16 ಬಿಟ್‌ನದು. 65,535 ದಾಟಿದರೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಬಳಕೆಯಲ್ಲಿರುವ ಮೆಮೊರಿಯನ್ನೇ ಖಾಲಿ ಅಂದುಕೊಂಡು ಬಿಟ್ಟುಕೊಡುವ ಅಪಾಯ ಅದು. 5ರಲ್ಲಿ ಆ ಕೌಂಟರ್ 32 ಬಿಟ್‌ನದು. ಅಲ್ಲಿಗೆ 4ರ ತೊಂದರೆ ಬರೀ ವಯಸ್ಸಿನದಲ್ಲ, ಬುನಾದಿಯದ್ದೂ ಹೌದು ಅನ್ನುವುದು ಕಣ್ಣಿಗೆ ಕಂಡಿತು.

ಫೆಬ್ರವರಿ 5 ಅನ್ನುವ ತಾರೀಕು

2007ರ ಜುಲೈ ಆರಂಭದಲ್ಲಿ ಕೆಲವು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳು ಸೇರಿ ಗೋ ಪಿಎಚ್‌ಪಿ 5 ಅನ್ನುವ ಅಭಿಯಾನ ಶುರುಮಾಡಿದವು. ಮುಂದೆ ನಿಂತವರು ಡ್ರುಪಲ್ ಬಳಗದ ಲ್ಯಾರಿ ಗಾರ್ಫೀಲ್ಡ್. ಸೈಟು ಕಟ್ಟುವ ಡ್ರುಪಲ್, ಟೈಪೊ3, ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್, ಡೆವಲಪರ್‌ಗಳು ಬಳಸುವ ಸಿಂಫನಿ, ಪ್ರೊಪೆಲ್, ಡಾಕ್ಟ್ರಿನ್‌ನಂಥವು ಸೇರಿದವು. ಒಪ್ಪಂದ ಚಿಕ್ಕದು. 2008ರ ಫೆಬ್ರವರಿ 5ರ ನಂತರ ಹೊಸ ಸೌಲಭ್ಯಗಳೊಂದಿಗೆ ಬರುವ ಆವೃತ್ತಿಗಳಿಗೆ ಪಿಎಚ್‌ಪಿ 5.2 ಅಥವಾ ಅದಕ್ಕಿಂತ ಹೊಸದು ಬೇಕು. ಅತ್ತ ಹೋಸ್ಟಿಂಗ್ ಕಂಪನಿಗಳು ಅಷ್ಟರೊಳಗೆ ಗ್ರಾಹಕರಿಗೆ 5.2 ಸಿಗುವಂತೆ ಮಾಡುತ್ತೇವೆ ಅಂತ ಹೆಸರು ಕೊಡಬೇಕು.

ಈ ಒಪ್ಪಂದದ ಕಸುವು ಇದ್ದದ್ದು "ಒಟ್ಟಿಗೆ" ಅನ್ನುವುದರಲ್ಲಿ. ಡ್ರುಪಲ್ ಒಂದೇ 5 ಬೇಕು ಅಂದಿದ್ದರೆ ಬಳಕೆದಾರರು ಬೇರೆ ಕಡೆ ಹೋಗುತ್ತಿದ್ದರು. ಎಲ್ಲರೂ ಒಂದೇ ದಿನ ಹೇಳಿದರೆ ಹೋಗಲು ಬೇರೆ ಕಡೆ ಕಡಿಮೆಯಾಗುತ್ತದೆ. ಹೋಸ್ಟಿಂಗ್ ಕಂಪನಿಯ ಒಳಗೂ ಇದರಿಂದ ಅನುಕೂಲವಾಯಿತು. ಆವೃತ್ತಿ ಏರಿಸಬೇಕು ಅಂತ ಒದ್ದಾಡುತ್ತಿದ್ದ ಅಡ್ಮಿನ್‌ಗೆ ಮ್ಯಾನೇಜರ್ ಮುಂದಿಡಲು ಒಂದು ತಾರೀಕು, ಒಂದು ಪಟ್ಟಿ ಸಿಕ್ಕಿತು. 5.2 ಕೊಡುವವರ ಹೆಸರು ಅಭಿಯಾನದ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಹಾಗಾಗಿ ಸೇರುವುದು ವ್ಯಾಪಾರಕ್ಕೂ ಒಳ್ಳೆಯದೇ ಆಯಿತು. ಗಡುವಿನ ಹೊತ್ತಿಗೆ ನೂರಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳು, ಇನ್ನೂರಕ್ಕೂ ಹೆಚ್ಚು ಹೋಸ್ಟಿಂಗ್ ಕಂಪನಿಗಳು ಸೇರಿದ್ದವು.

ಏಳು ತಿಂಗಳ ಕಾಲಾವಕಾಶವೂ ಸರಿಯಾದ ಆಯ್ಕೆ ಅಂತ ನನ್ನ ಲೆಕ್ಕ. ಒಂದು ತಿಂಗಳು ಅಂದಿದ್ದರೆ ಬೆದರಿಕೆ ಅನ್ನಿಸುತ್ತಿತ್ತು. ಎರಡು ವರ್ಷ ಅಂದಿದ್ದರೆ ಮರೆತುಹೋಗುತ್ತಿತ್ತು.

ಅಭಿಯಾನ ಶುರುವಾದ ಕೆಲವೇ ದಿನಕ್ಕೆ, ಜುಲೈ 13ರಂದು, ಪಿಎಚ್‌ಪಿ ತಂಡವೇ ಒಂದು ಘೋಷಣೆ ಮಾಡಿತು. 2007ರ ಡಿಸೆಂಬರ್ 31ರ ನಂತರ ಪಿಎಚ್‌ಪಿ 4ರ ಹೊಸ ಬಿಡುಗಡೆಗಳು ಇರುವುದಿಲ್ಲ. ತೀರಾ ಗಂಭೀರವಾದ ಭದ್ರತಾ ದೋಷಗಳಿಗೆ ಮಾತ್ರ 2008ರ ಆಗಸ್ಟ್ 8ರವರೆಗೆ ತೇಪೆ ಸಿಗಬಹುದು. ಕೊನೆಯ ಆವೃತ್ತಿ 4.4.9 ಬಂದದ್ದು ಆ ಗಡುವಿನ ಹಿಂದಿನ ದಿನ, 2008ರ ಆಗಸ್ಟ್ 7ರಂದು. ಅಭಿಯಾನ, ಈ ಘೋಷಣೆ ಎರಡೂ ಸೇರಿದ್ದಕ್ಕೇ ಕೆಲಸ ಕೂಡಿಬಂತು ಅನ್ನುವುದು ನನ್ನ ಅಭಿಪ್ರಾಯ. ಭಾಷೆ ಮಾಡಿದವರು ಬಾಗಿಲು ಮುಚ್ಚುತ್ತೇವೆ ಅಂದರಷ್ಟೇ ಸಾಲದು, ಯಾಕೆಂದರೆ ಜನ ಮುಚ್ಚಿದ ಬಾಗಿಲೊಳಗೂ ವರ್ಷಗಟ್ಟಲೆ ಇದ್ದುಬಿಡುತ್ತಾರೆ. ತಾವು ದಿನಾ ಬಳಸುವ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬೇಕು ಅಂದಾಗಲೇ ಎದ್ದು ಬರುವುದು.

ಸೇರದೇ ಉಳಿದವರು

ವರ್ಡ್‌ಪ್ರೆಸ್ ಸೇರಲಿಲ್ಲ. ಅದರ ಸ್ಥಾಪಕರಲ್ಲೊಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ ಈ ಅಭಿಯಾನವನ್ನು ಬಹಿರಂಗವಾಗಿಯೇ ಟೀಕಿಸಿದರು. ಜನ ತಾವಾಗಿ ಒಪ್ಪದ ಆವೃತ್ತಿಯನ್ನು ಅವರ ಮೇಲೆ ಹೇರುವುದು ಯಾಕೆ ಅನ್ನುವುದು ಅವರ ತಕರಾರಿನ ಸಾರ. ವರ್ಡ್‌ಪ್ರೆಸ್ ಬಳಸುವವರಲ್ಲಿ ಬಹುತೇಕರು ಪಿಎಚ್‌ಪಿ ಅನ್ನುವ ಹೆಸರನ್ನೂ ಕೇಳಿದವರಲ್ಲ. ಬ್ಲಾಗ್ ಬರೆಯಬೇಕು ಅಂತ ಬಂದವರು. ಅವರ ಪರವಾಗಿ ನೋಡಿದರೆ ಈ ಮಾತನ್ನು ತಳ್ಳಿಹಾಕುವಂತಿಲ್ಲ.

ಆದರೆ ಅದರ ಬೆಲೆಯೂ ದೊಡ್ಡದಾಯಿತು. ಅಷ್ಟು ಬಳಕೆಯಿರುವ ಸಾಫ್ಟ್‌ವೇರ್ 4ರಲ್ಲೇ ಓಡುತ್ತದೆ ಅಂದ ಮೇಲೆ ಕೆಲವು ಹೋಸ್ಟಿಂಗ್ ಕಂಪನಿಗಳಿಗೆ ಸುಮ್ನೆ ಕೂರಲು ಒಳ್ಳೆಯ ನೆಪ ಸಿಕ್ಕಿತು. ವರ್ಡ್‌ಪ್ರೆಸ್ ಪಿಎಚ್‌ಪಿ 4ನ್ನು ಕೈಬಿಟ್ಟದ್ದು 2011ರ ಜುಲೈನಲ್ಲಿ, ತನ್ನ 3.2 ಆವೃತ್ತಿಯಲ್ಲಿ. ಅದಕ್ಕೆ ಪಿಎಚ್‌ಪಿ 5.2.4 ಬೇಕಾಯಿತು. ಒಂದು ವರ್ಷ ಮೊದಲೇ ಇದನ್ನು ಹೇಳಿದ್ದರು. ಆ ಹೊತ್ತಿಗೆ 5.2ಕ್ಕಿಂತ ಹಳೇ ಪಿಎಚ್‌ಪಿಯಲ್ಲಿ ಓಡುತ್ತಿದ್ದ ವರ್ಡ್‌ಪ್ರೆಸ್ ಸೈಟುಗಳು ಶೇ. 11ರ ಆಸುಪಾಸು ಅಂತ ಅವರೇ ತಿಳಿಸಿದ್ದರು. ಬೇರೆಯವರು ದಾರಿ ಮಾಡಿದ ಮೇಲೆ, ಹೆಚ್ಚಿನವರು ದಾಟಿಯಾದ ಮೇಲೆ ವರ್ಡ್‌ಪ್ರೆಸ್ ದಾಟಿತು. ಅದರ ಬಳಕೆದಾರರಿಗೆ ಪೆಟ್ಟು ಕಡಿಮೆ ಬಿತ್ತು, ನಿಜ. ಆದರೆ ಮುಂದೆ ಹೋದವರು ತಿಂದ ಪೆಟ್ಟಿನ ಫಲ ಅದು ಅನ್ನುವುದೂ ನಿಜ.

ಸೇರಿದವರೂ ಒಂದೇ ವೇಗದಲ್ಲಿ ಹೋಗಲಿಲ್ಲ. ಟೈಪೊ3 4.2 ಆವೃತ್ತಿ 2008ರ ಏಪ್ರಿಲ್‌ನಲ್ಲೇ ಪಿಎಚ್‌ಪಿ 5.2 ಕೇಳಿತು. ಪಿಎಚ್‌ಪಿಮೈಅಡ್ಮಿನ್ 3.0 ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಳಿತು. ಪಿಎಚ್‌ಪಿ 4ರಲ್ಲಿ ಉಳಿದವರಿಗಾಗಿ ತಮ್ಮ ಹಳೇ 2.11 ಸರಣಿಯನ್ನೂ ನೋಡಿಕೊಂಡರು. ನನಗೆ ಇದು ಅತ್ಯಂತ ಗೌರವದ ನಡೆ. ಡ್ರುಪಲ್ 6 ಗಡುವು ಮುಗಿದ ಎಂಟೇ ದಿನಕ್ಕೆ, 2008ರ ಫೆಬ್ರವರಿ 13ರಂದು ಬಂತು. ಅದು ಪಿಎಚ್‌ಪಿ 4ರಲ್ಲೂ ಓಡುತ್ತಿತ್ತು! ಅಭಿಯಾನಕ್ಕೆ ಹೆಗಲು ಕೊಟ್ಟವರೇ ಹೀಗಾ ಅಂತ ಕೇಳಬಹುದು. ಆದರೆ ಆ ಆವೃತ್ತಿಗೆ ಹೊಸದನ್ನು ಸೇರಿಸುವ ಕೆಲಸ 2007ರಲ್ಲೇ ನಿಂತಿತ್ತು. ಉಳಿದದ್ದು ತಪ್ಪು ತಿದ್ದುವುದಷ್ಟೇ. ಮುಂದಿನ ಡ್ರುಪಲ್ 7 ಬಂದದ್ದು 2011ರ ಜನವರಿಯಲ್ಲಿ, ಪಿಎಚ್‌ಪಿ 5.2ರ ಬೇಡಿಕೆಯೊಂದಿಗೆ. ಡ್ರುಪಲ್‌_ಕ್ಲೋನ್ ಅದರಲ್ಲಿ ಇಲ್ಲ.

ಕನ್ನಡ ಸೈಟುಗಳಿಗೆ ಇದರಿಂದ ಏನು?

ಕನ್ನಡದಲ್ಲಿ ಸೈಟು ನಡೆಸುವವರಿಗೆ ಆವೃತ್ತಿ ಏರಿಸುವುದು ಬರೀ ಭದ್ರತೆಯ ಮಾತಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ವ್ಯಂಜನ, ಪ್ರತಿ ಕೊಂಬು, ದೀರ್ಘ ಎಲ್ಲಕ್ಕೂ ಮೂರು ಮೂರು ಬೈಟ್. "ಕನ್ನಡ" ಅನ್ನುವ ಪದದ ಉದ್ದ ಎಷ್ಟು ಅಂತ ಪಿಎಚ್‌ಪಿಯ ಸ್ಟ್ರ್‌ಲೆನ್ ಫಂಕ್ಷನ್ ಕೇಳಿದರೆ 15 ಅನ್ನುತ್ತದೆ. ಅದು ಎಣಿಸುವುದು ಬೈಟ್: ಕ, ನ, ಒತ್ತಕ್ಷರ ಜೋಡಿಸುವ ಗುರುತು, ನ, ಡ, ಒಂದೊಂದಕ್ಕೂ ಮೂರು. ಮುಖಪುಟದಲ್ಲಿ ಲೇಖನದ ಮೊದಲ ನೂರು ಬೈಟ್ ಕತ್ತರಿಸಿ ತೋರಿಸಿದರೆ ಕೊನೆಯ ಅಕ್ಷರ ಒಡೆದು ಹೋಗುವ ಸಾಧ್ಯತೆಯೇ ಜಾಸ್ತಿ. ಗುಣಿತಾಕ್ಷರ ಒಡೆಯದಂತೆ ಕತ್ತರಿಸುವ ಫಂಕ್ಷನ್‌ಗಳಿರುವ ಇಂಟ್ಲ್ ಎಕ್ಸ್‌ಟೆನ್ಷನ್ ಪಿಎಚ್‌ಪಿಯ ಜೊತೆಯಲ್ಲೇ ಬಂದದ್ದು 2009ರ 5.3ರಲ್ಲಿ. 4ರಲ್ಲೇ ಕೂತ ಸರ್ವರ್‌ನಲ್ಲಿ ಅದು ಸಿಗುವ ಮಾತೇ ಇಲ್ಲ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಪಿಎಚ್‌ಪಿಯ ಒಳಗೇ ತರಬೇಕು ಅಂತ ಪಿಎಚ್‌ಪಿ 6ರ ಕೆಲಸವೂ ನಡೆದಿತ್ತು. 2010ರಲ್ಲಿ ಅದನ್ನು ಕೈಬಿಟ್ಟರು. ನಮ್ಮಂಥ ಭಾಷೆಗಳವರಿಗೆ ಅದು ನಿಜವಾದ ನಷ್ಟ.

ಲೆಕ್ಕಕ್ಕೆ ಬಾರದ ಮೂರನೆಯವರು

ಒಪ್ಪಂದದಲ್ಲಿ ಇದ್ದದ್ದು ಇಬ್ಬರು, ಡೆವಲಪರ್ ಮತ್ತು ಹೋಸ್ಟಿಂಗ್ ಕಂಪನಿ. ಸೈಟಿನ ಮಾಲೀಕರು ಅದರಲ್ಲಿ ಇರಲಿಲ್ಲ. ಯಾರಿಂದಲೋ ಒಂದು ಸೈಟು ಮಾಡಿಸಿಕೊಂಡು, ಮಾಡಿಕೊಟ್ಟವರ ಫೋನ್ ನಂಬರೂ ಈಗ ಇಲ್ಲದ ಅಂಗಡಿಯವರು, ಶಾಲೆಯವರು, ಸಣ್ಣ ಸಂಘದವರು. ಅವರಿಗೆ ಗಡುವಿನ ಸುದ್ದಿ ಮುಟ್ಟುವುದು ಸೈಟು ಬಿಳಿ ಪುಟವಾದ ದಿನವೇ. ಈ ಅಭಿಯಾನದ ದೊಡ್ಡ ಕೊರತೆ ಇದು ಅಂತ ನಾನು ಅಂದುಕೊಂಡಿದ್ದೇನೆ.

ಆ ಕೊರತೆಯನ್ನು ತುಂಬುವ ಕೆಲಸ ಮಾಡಿದ್ದು, ಬಹಳ ತಡವಾಗಿ, ವರ್ಡ್‌ಪ್ರೆಸ್‌ನವರೇ. 2018ರ ಡಿಸೆಂಬರ್ 31ಕ್ಕೆ ಪಿಎಚ್‌ಪಿ 5.6ರ ಆಯುಷ್ಯ ಮುಗಿಯಿತು. 2019ರ ಫೆಬ್ರವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.1, ಹಳೇ ಪಿಎಚ್‌ಪಿ ಇದ್ದರೆ ಡ್ಯಾಶ್‌ಬೋರ್ಡ್‌ನಲ್ಲೇ ಎಚ್ಚರಿಕೆ ತೋರಿಸತೊಡಗಿತು. ಪಿಎಚ್‌ಪಿ ಅಂದರೇನು, ಹೋಸ್ಟಿಂಗ್‌ನವರಿಗೆ ಏನಂತ ಹೇಳಬೇಕು ಅನ್ನುವುದೂ ಸರಳ ಮಾತಲ್ಲಿ ಅಲ್ಲೇ ಸಿಗುತ್ತಿತ್ತು. ಮೇ ತಿಂಗಳ ವರ್ಡ್‌ಪ್ರೆಸ್ 5.2ರಲ್ಲಿ ಇನ್ನೊಂದು ಅನುಕೂಲ ಬಂತು. ಒಂದು ಪ್ಲಗಿನ್ (ಸೈಟಿಗೆ ಸೇರಿಸಿಕೊಂಡ ಹೆಚ್ಚುವರಿ ಸಾಫ್ಟ್‌ವೇರ್) ಕೆಟ್ಟು ಸೈಟು ನಿಂತರೆ ಮಾಲೀಕರಿಗೆ ಇಮೇಲ್‌ನಲ್ಲಿ ಒಂದು ಲಿಂಕ್ ಹೋಗುತ್ತದೆ. ಅದರಿಂದ ಒಳಗೆ ಹೋಗಿ ಆ ಪ್ಲಗಿನ್ನನ್ನು ನಿಲ್ಲಿಸಬಹುದು. ಬಿಳಿ ಪುಟದ ಮುಂದೆ ಕಕ್ಕಾಬಿಕ್ಕಿಯಾಗಿ ಕೂರಬೇಕಿಲ್ಲ. ಅವರು ಕನಿಷ್ಠ ಬೇಡಿಕೆಯನ್ನು ಪಿಎಚ್‌ಪಿ 5.6ಕ್ಕೆ ಏರಿಸಿದ್ದೂ ಅದೇ ಆವೃತ್ತಿಯಲ್ಲೇ.

ಹೋಸ್ಟಿಂಗ್ ಕಡೆಯ ಹಳೇ ತೊಡಕೂ ಅಷ್ಟರಲ್ಲಿ ಬಗೆಹರಿದಿತ್ತು. 2010ರ ಪಿಎಚ್‌ಪಿ 5.3.3ರಲ್ಲಿ, ಪಿಎಚ್‌ಪಿಯನ್ನು ಪ್ರತ್ಯೇಕವಾಗಿ ಓಡಿಸುವ ಎಫ್‌ಪಿಎಂ ಸೇರಿತು. ಅಪಾಚೆಯ ಹೊರಗೆ, ಒಂದೊಂದು ಸೈಟಿಗೆ ಒಂದೊಂದು ಆವೃತ್ತಿ ಓಡಿಸುವುದು ಸುಲಭವಾಯಿತು. ಈಗ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಪಟ್ಟಿ ತೆರೆದು ಆವೃತ್ತಿ ಆರಿಸಿಕೊಂಡರೆ ಮುಗಿಯಿತು. ಆದರೆ ಇದರಿಂದ ಹಳೆಯದರಲ್ಲೇ ಉಳಿಯುವುದೂ ಅಷ್ಟೇ ಸುಲಭವಾಗಿದೆ. ಪಕ್ಕದ ಸೈಟು 8ರಲ್ಲಿ ಓಡುತ್ತಿದ್ದರೂ ಇದು 5.6ರಲ್ಲಿ ಮಲಗಿರಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಯುರೋಪಿನ ಕೆಲವು ಹೋಸ್ಟಿಂಗ್ ಕಂಪನಿಗಳು ಈಗ ಆಯುಷ್ಯ ಮುಗಿದ ಆವೃತ್ತಿ ಇಟ್ಟುಕೊಳ್ಳುವವರಿಂದ ತಿಂಗಳಿಗೆ ಹೆಚ್ಚುವರಿ ಹಣ ತಗೊಳ್ಳುತ್ತವೆ, ಬದಲಿಗೆ ತೇಪೆ ಹಚ್ಚುವ ಕೆಲಸ ತಾವೇ ನೋಡಿಕೊಳ್ಳುತ್ತವೆ. ಇದು ನ್ಯಾಯ ಅಂತಲೇ ನನ್ನ ಅನಿಸಿಕೆ. ಆದರೆ ಒಂದು ಷರತ್ತು ಇರಬೇಕು. ಬಿಲ್ ಬರುವ ಆರು ತಿಂಗಳ ಮೊದಲೇ ಮಾಲೀಕರಿಗೆ ತಿಳಿಸಬೇಕು. ನಿಮ್ಮ ಯಾವ ಸೈಟು, ಯಾವ ಆವೃತ್ತಿ, ಯಾವ ಪ್ಲಗಿನ್ ಅಡ್ಡ ಬರುತ್ತಿದೆ ಅಂತ ಹೆಸರು ಹಿಡಿದು, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಬೇಕು. ಹೊಸ ಆವೃತ್ತಿಯಲ್ಲಿ ಸೈಟು ಹೇಗೆ ಕಾಣುತ್ತದೆ ಅಂತ ಒಂದು ನಕಲು ಸೈಟಿನಲ್ಲಿ ಮೊದಲು ತೋರಿಸಬೇಕು. ಕರ್ನಾಟಕದಲ್ಲಿ ಶೇರ್ಡ್ ಹೋಸ್ಟಿಂಗ್ ಮಾರುವವರು ಆ ಪತ್ರವನ್ನು ಕನ್ನಡದಲ್ಲೇ ಕಳಿಸಲಿ.